ನೀಲಿ ನೀರಿನ ಮೇಲೆ ಸಾಯುವ ಕಾರ್ಮಿಕರು: ಯುದ್ಧ ಬಂದಾಗ ‘ಬರಲ್ಲ’ ಅನ್ನೋ ಹಕ್ಕು ಯಾರಿಗಿದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನವರು ಸಮುದ್ರ ನೋಡಬೇಕಂದ್ರೆ ಘಟ್ಟ ಇಳಿಯಬೇಕು. ಹಾಗಂತ ಸಮುದ್ರಕ್ಕೂ ನಮಗೂ ಸಂಬಂಧ ಇಲ್ಲ ಅಂದ್ಕೋಬೇಡಿ. ಮೆಕ್ಕೆಜೋಳಕ್ಕೆ ಹಾಕುವ ಪೊಟ್ಯಾಶ್ ಬಹುತೇಕ ಹೊರದೇಶದ್ದು. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಬೈಕಿಗೆ ಹಾಕಿಸುವ ಪೆಟ್ರೋಲಿನ ಕಚ್ಚಾತೈಲವೂ ಅಷ್ಟೇ. ಇವೆಲ್ಲ ಬರೋದು ಹಡಗಿನಲ್ಲಿ. ದಾರಿಯಲ್ಲಿ ಯುದ್ಧ ನಡೀತಿದ್ರೂ ಬರಬೇಕು. ತರುವವರು ಸೈನಿಕರಲ್ಲ, ಸಂಬಳಕ್ಕೆ ದುಡಿಯುವ ನಾವಿಕರು.

ಮಂಗಳೂರಿಗೆ ಹೊರಟಿದ್ದ ಹಡಗು

2023ರ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ಕಚ್ಚಾತೈಲ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದ ‘ಕೆಮ್ ಪ್ಲೂಟೊ’ ಹಡಗಿನ ಮೇಲೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಿತ್ತು. ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಹೊತ್ತಿಕೊಂಡ ಬೆಂಕಿಯನ್ನು ಅವರೇ ನಂದಿಸಿದರು. ಅದೃಷ್ಟಕ್ಕೆ ಯಾರ ಜೀವವೂ ಹೋಗಲಿಲ್ಲ.

ತಿಂಗಳು ಕಳೆದ ಮೇಲೆ, 2024ರ ಜನವರಿ 26ರಂದು, ಏಡನ್ ಕೊಲ್ಲಿಯಲ್ಲಿ ‘ಮಾರ್ಲಿನ್ ಲುವಾಂಡಾ’ಗೆ ಹೂಥಿಗಳ ಕ್ಷಿಪಣಿ ಬಡಿಯಿತು. ಒಳಗಿದ್ದದ್ದು ಕಿಡಿ ಸೋಕಿದರೆ ಭುಗಿಲೇಳುವ ನಾಫ್ತಾ. 22 ಭಾರತೀಯರು, ಒಬ್ಬ ಬಾಂಗ್ಲಾದೇಶಿ. ನೌಕಾಪಡೆಗಳ ನೆರವು ಸಿಗುವ ತನಕ ಅವರೇ ಬೆಂಕಿಯ ಜೊತೆ ಗುದ್ದಾಡಿದರು. ಆಮೇಲೆ ಭಾರತದ ಐಎನ್‌ಎಸ್ ವಿಶಾಖಪಟ್ಟಣಂ ಸಿಬ್ಬಂದಿಯೂ ಕೈಜೋಡಿಸಿದರು. ಕ್ಯಾಪ್ಟನ್ ಅವಿಲಾಶ್ ರಾವತ್ ಮತ್ತು ಸಿಬ್ಬಂದಿಗೆ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ (ಐಎಂಒ) ಆ ವರ್ಷದ ಶೌರ್ಯ ಪ್ರಶಸ್ತಿ ಕೊಟ್ಟಿತು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅದೇ ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಹಡಗಿನಲ್ಲಿ ಮೂವರು ಸತ್ತರು. ಇಬ್ಬರು ಫಿಲಿಪ್ಪೀನ್ಸಿನವರು, ಒಬ್ಬ ವಿಯೆಟ್ನಾಮಿನವನು. ಉಳಿದವರನ್ನು ಐಎನ್‌ಎಸ್ ಕೋಲ್ಕತ್ತ ಕಾಪಾಡಿತು.

ಸಂಬಳ ಕೇಳಿದ್ದಕ್ಕೆ ಜೈಲು

ಇದೇನು ಹೊಸ ಕತೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಹಡಗುಗಳ ಇಂಜಿನ್ ರೂಮಿನಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವರಲ್ಲಿ, ಡೆಕ್ ಮೇಲೆ ದುಡಿಯುತ್ತಿದ್ದವರಲ್ಲಿ ಭಾರತದ ಖಲಾಸಿಗಳು ಬಹಳ ಮಂದಿ. ಬ್ರಿಟಿಷರು ಅವರನ್ನು ‘ಲಸ್ಕರ್’ ಅಂತ ಕರೀತಿದ್ರು. ಅವರ ಸಂಬಳ ಬಿಳಿಯ ನಾವಿಕನ ಸಂಬಳದ ಮೂರನೇ ಒಂದು ಪಾಲೂ ಇರಲಿಲ್ಲ. ಟಾರ್ಪೆಡೊ ಮಾತ್ರ ಬಣ್ಣ ನೋಡುತ್ತಿರಲಿಲ್ಲ.

1939ರಲ್ಲಿ ಯುದ್ಧ ಶುರುವಾದ ಕೂಡಲೇ ಲಸ್ಕರ್‌ಗಳು ಬ್ರಿಟನ್ನಿನ ಬಂದರುಗಳಲ್ಲಿ ಮುಷ್ಕರ ಹೂಡಿದರು. ‘ಸಾವಿನ ದಾರಿಗೆ ಕಳಿಸ್ತೀರಿ, ಅದಕ್ಕೆ ತಕ್ಕ ಕೂಲಿ ಕೊಡಿ’ ಅನ್ನೋದು ಅವರ ಬೇಡಿಕೆ. ನೂರಾರು ಮಂದಿಯನ್ನು ಜೈಲಿಗೆ ಹಾಕಿದರು. ಆದರೂ ಮುಷ್ಕರ ಮುರಿಯಲಿಲ್ಲ, ಕಂಪನಿಗಳು ಸಂಬಳ ಏರಿಸಲೇಬೇಕಾಯಿತು.

1940ರ ಸೆಪ್ಟೆಂಬರ್ 17ರಂದು ‘ಸಿಟಿ ಆಫ್ ಬನಾರಸ್’ ಮುಳುಗಿದಾಗ ಸತ್ತ 77 ಮಕ್ಕಳನ್ನು ಇಂಗ್ಲೆಂಡ್ ಇಂದಿಗೂ ನೆನೆಯುತ್ತದೆ. ನೆನೆಯಲೇಬೇಕು. ಅದೇ ಹಡಗಿನಲ್ಲಿ ನೂರರಷ್ಟು ಲಸ್ಕರ್‌ಗಳೂ ಸತ್ತರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಆ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು ಆರು ಸಾವಿರಕ್ಕೂ ಹೆಚ್ಚು. ಅವರ ಹೆಸರುಗಳ ಪುಸ್ತಕ ಮುಂಬೈನ ನಾವಿಕರ ವಸತಿಗೃಹದಲ್ಲಿದೆ. ಸಮುದ್ರದಲ್ಲಿ ಸತ್ತವರಿಗೆ ಗೋರಿಯಿಲ್ಲ, ಆ ಪುಸ್ತಕವೇ ಸ್ಮಾರಕ.

ಹಕ್ಕು ಬಂದಿದೆ, ಎಲ್ಲರಿಗೂ ಅಲ್ಲ

ಈಗ ಪರಿಸ್ಥಿತಿ ಬದಲಾಗಿದೆಯಾ? ಒಂದಷ್ಟು. ಕಾರ್ಮಿಕ ಸಂಘಟನೆಗಳು ಮತ್ತು ಹಡಗು ಮಾಲೀಕರ ಜಾಗತಿಕ ಒಪ್ಪಂದದ ಪ್ರಕಾರ, ‘ಯುದ್ಧ ವಲಯ’ ಎಂದು ಘೋಷಿಸಿದ ಕಡೆ ಹೋಗಲು ನಾವಿಕ ನಿರಾಕರಿಸಬಹುದು. ಕಂಪನಿಯೇ ಊರಿಗೆ ಕಳಿಸಬೇಕು. ಹೋದವರಿಗೆ ಹೆಚ್ಚುವರಿ ಭತ್ಯೆ, ಸತ್ತರೆ ದುಪ್ಪಟ್ಟು ಪರಿಹಾರ. 1939ರಲ್ಲಿ ಜೈಲಿಗೆ ಹೋದವರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಈ ಒಪ್ಪಂದದೊಳಗೆ ಇಲ್ಲದ ಹಡಗುಗಳೂ ಇವೆ. ಕೆಮ್ ಪ್ಲೂಟೊವನ್ನೇ ನೋಡಿ: ಬಾವುಟ ಲೈಬೀರಿಯಾದ್ದು, ಮಾಲೀಕರು ಜಪಾನಿನವರು, ನಡೆಸುವವರು ನೆದರ್‌ಲ್ಯಾಂಡ್ಸಿನವರು, ದುಡಿಯುವವರು ಭಾರತೀಯರು. ಇಂಥ ಹಡಗಿನಲ್ಲಿ ಹೆಚ್ಚುಕಮ್ಮಿಯಾದರೆ ಹೆಂಡತಿ ಮಕ್ಕಳು ಯಾವ ಸರ್ಕಾರದ ಬಾಗಿಲು ಬಡಿಯಬೇಕು? ಇನ್ನು ಊರಲ್ಲಿ ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಹಡಗು ಹತ್ತಿದ ಹುಡುಗನಿಗೆ ‘ನಾನು ಬರಲ್ಲ’ ಅನ್ನೋ ಧೈರ್ಯ ಎಲ್ಲಿಂದ ಬರಬೇಕು?

ಹಾಗಾಗಿ ಶೌರ್ಯ ಪ್ರಶಸ್ತಿಗೆ ಚಪ್ಪಾಳೆ ತಟ್ಟಿದರೆ ಸಾಲದು. ಹಡಗಿನ ಬಾವುಟ ಯಾವುದೇ ಇರಲಿ, ಪ್ರತಿ ಭಾರತೀಯ ನಾವಿಕನಿಗೂ ನಿರಾಕರಿಸುವ ಹಕ್ಕು ಮತ್ತು ಪರಿಹಾರ ಸಿಗುವಂತೆ ನಮ್ಮ ಸರ್ಕಾರವೇ ಖಾತ್ರಿ ಕೊಡಬೇಕು. ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮ ಇಟ್ಟ ಹುತಾತ್ಮರ ಸ್ಮಾರಕವಿದೆ. ಬಂದೂಕು ಹಿಡಿಯದೆ ಸತ್ತವರೂ ಹುತಾತ್ಮರು ಅಂತ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆ ಪಟ್ಟಿಯಲ್ಲಿ ನಮ್ಮ ಗೊಬ್ಬರ, ಗ್ಯಾಸು, ಪೆಟ್ರೋಲು ತರುತ್ತಾ ಸಾಯುವವರಿಗೂ ಜಾಗ ಇರಲಿ.