ಹೊಳಿ ದಾಟಿದ್ರ ಮೈಸೂರು ಸೀಮಿ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿಸಿ ಊರಿಗೆ ಹೋಗಿದ್ದೆ. ನಮ್ಮೂರು ರಾಣೇಬೆನ್ನೂರು. ರಾತ್ರಿ ಊಟ ಆದ್ಮೇಲೆ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡ್ತಾ ಕೂತಿದ್ದೆ. ನೆದರ್ಲೆಂಡ್ಸ್‌ನ ಗಡಿಯಲ್ಲಿ ಬಾರ್ಲೆ ಅಂತ ಒಂದು ಪುಟ್ಟ ಊರು. ಅದರೊಳಗೆ ಬೆಲ್ಜಿಯಂ ದೇಶದ 22 ತುಂಡು ಜಾಗಗಳು ಅಲ್ಲಲ್ಲಿ ಸೇರಿಕೊಂಡಿವೆ. ಗಡಿ ಗೆರೆ ಫುಟ್‌ಪಾತ್ ಮೇಲೆ ಹೋಗುತ್ತೆ, ಕೆಲವು ಕಟ್ಟಡಗಳ ಒಳಗೇ ಹಾದು ಹೋಗುತ್ತೆ. ಮನೆಯ ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು ಅಂತ ಲೆಕ್ಕ.

ಅಜ್ಜ ಪಕ್ಕದಲ್ಲೇ ಕೂತಿದ್ರು. ಅವರಿಗೂ ತೋರಿಸಿದೆ. ಅವರಿಗೆ ಏನೂ ಆಶ್ಚರ್ಯ ಆಗಲಿಲ್ಲ.

"ಇದರಾಗ ಏನ್ ದೊಡ್ಡದೈತಿ? ನಾವೂ ಗಡ್ಯಾಗ ಇದ್ದವ್ರ. ನಾ ಸಾಲಿಗೆ ಹೋಗುವಾಗ ನಮ್ದು ಮುಂಬೈ ಸರಕಾರ. ಹೊಳಿ ದಾಟಿದ್ರ ಮೈಸೂರು ಸೀಮಿ."

ಏಕೀಕರಣದ ಬಗ್ಗೆ ಹೈಸ್ಕೂಲ್‌ನಲ್ಲಿ ಐದು ಮಾರ್ಕ್ಸಿನ ಉತ್ತರ ಬಾಯಿಪಾಠ ಮಾಡಿದ್ದೆ, ಅದೂ ಇಂಗ್ಲಿಷ್‌ನಲ್ಲಿ. ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಅಂತ ಹಂಚಿಹೋಗಿದ್ರು ಅನ್ನೋದು ಗೊತ್ತಿತ್ತು. ಆದ್ರೆ ಆ ಹಂಚಿಕೆಯ ಗೆರೆ ನಮ್ಮ ತಾಲ್ಲೂಕಿನ ಅಂಚಲ್ಲೇ ಇತ್ತು ಅಂತ ಯಾವತ್ತೂ ಯೋಚಿಸಿರಲಿಲ್ಲ. ಆ ರಾತ್ರಿಯಿಂದ ಸಿಕ್ಕಿದ್ದನ್ನೆಲ್ಲ ಓದಿದೆ, ಅಜ್ಜನ ತಲೆ ತಿಂದೆ. ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಜಾಗ. ತುಂಗಾ ಮತ್ತು ಭದ್ರಾ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆ ಆಗ್ತವೆ. ಆ ನದಿ ಉತ್ತರಕ್ಕೆ ಹರಿದು ಬರುವಾಗ ಒಂದು ದಡದಲ್ಲಿ ನಮ್ಮ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ, ಎದುರು ದಡದಲ್ಲಿ ಹರಿಹರ. ರೈಲಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ್ರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಆದ್ಮೇಲೆ ಹೊಳೆ ಸಿಗುತ್ತೆ. ಹೊಳೆ ದಾಟಿದ್ರೆ ಹರಿಹರ, ಆಮೇಲೆ ದಾವಣಗೆರೆ.

ಈ ಜಾಗಕ್ಕೆ ಗಡಿಯ ಹಣೆಬರಹ ತುಂಬಾ ಹಳೆಯದು. ಹರಿಹರೇಶ್ವರ ದೇವಸ್ಥಾನವನ್ನ 1224ರಲ್ಲಿ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಆ ಕಾಲದಲ್ಲಿ ಉತ್ತರದ ಸೇವುಣರೂ ದಕ್ಷಿಣದ ಹೊಯ್ಸಳರೂ ಈ ಭಾಗಕ್ಕಾಗಿ ಬಡಿದಾಡ್ತಿದ್ರು. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಗಡಿ ಊರಿಗೆ ಇದಕ್ಕಿಂತ ಸರಿಯಾದ ದೇವರು ಸಿಗೋದು ಕಷ್ಟ!

ಆದ್ರೆ ಅಜ್ಜ ಹೇಳಿದ ಗಡಿ ಹುಟ್ಟಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ. 1799ರಲ್ಲಿ ಬ್ರಿಟಿಷರು ಮೈಸೂರನ್ನ ಒಡೆಯರಿಗೆ ವಾಪಸ್ ಕೊಟ್ರು. ಹೊಳೆಯ ಈಚೆ ಕಡೆ, ಅಂದ್ರೆ ನಮ್ಮ ಕಡೆ, ಮರಾಠರ ಪೇಶ್ವೆಯದ್ದು. ಮರುವರ್ಷವೇ, 1800ರ ಜೂನ್‌ನಲ್ಲಿ, ಧೋಂಡಿಯಾ ವಾಘ್‌ನನ್ನ ಬೆನ್ನಟ್ಟಿಕೊಂಡು ಒಬ್ಬ ಬ್ರಿಟಿಷ್ ಕರ್ನಲ್ ಹರಿಹರಕ್ಕೆ ಬಂದ. ಹೊಳೆ ತುಂಬಿತ್ತು, ಸೈನ್ಯ ದಾಟೋಕೆ ದಿನಗಟ್ಟಲೆ ಹಿಡೀತು. ದಾಟಿದವನು ಐರಣಿ ಕೋಟೆ ಹಿಡಿದ, ಆಮೇಲೆ ರಾಣೇಬೆನ್ನೂರಿನ ಕೋಟೆ ಹಿಡಿದ. ಆ ಕರ್ನಲ್ ಹೆಸರು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಆಗ ವಾಟರ್ಲೂ ಇದ್ದದ್ದು ನೆದರ್ಲೆಂಡ್ಸ್ ರಾಜ್ಯದಲ್ಲಿ. ನಾನು ವಿಡಿಯೋದಲ್ಲಿ ನೋಡಿದ ದೇಶಕ್ಕೂ ನಮ್ಮೂರಿಗೂ ಇಷ್ಟಾದ್ರೂ ಒಂದು ನಂಟು ಸಿಕ್ತು ಅಂತ ಖುಷಿಯಾಯ್ತು.

1818ರಲ್ಲಿ ಪೇಶ್ವೆ ಸೋತ. ನಮ್ಮ ಕಡೆ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು, ಧಾರವಾಡ ಜಿಲ್ಲೆ ಆಯ್ತು. ಆ ಕಡೆ ಮೈಸೂರು ಸಂಸ್ಥಾನ. ಅಷ್ಟೇ ಅಲ್ಲ, ಹರಿಹರದಿಂದ ಸ್ವಲ್ಪ ಪೂರ್ವಕ್ಕೆ ಹೋದ್ರೆ ಹರಪನಹಳ್ಳಿ, ಅದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಇವತ್ತಿನ ಹಾವೇರಿ ಜಿಲ್ಲೆಯಲ್ಲೇ ಇರೋ ಸವಣೂರು ಬೇರೆ, ಅದು ನವಾಬರ ಸಂಸ್ಥಾನ, 1948ರ ತನಕ. ಒಂದು ದಿನ ಬೆಳಿಗ್ಗೆ ಸವಣೂರಿನಿಂದ ಬೈಕ್ ತಗೊಂಡು ಹೊರಟ್ರೆ ಮಧ್ಯಾಹ್ನದೊಳಗೆ ನಾಲ್ಕು ಸರ್ಕಾರ ಸುತ್ತಬಹುದಿತ್ತು. ಎಲ್ಲ ಕಡೆ ಮಾತಾಡ್ತಿದ್ದದ್ದು ಮಾತ್ರ ಕನ್ನಡ.

ಗಡಿ ಇದ್ದ ಮೇಲೆ ಸೇತುವೆ ಬೇಕು. ಹರಿಹರದ ಹತ್ತಿರ ಬೆಂಗಳೂರು-ಧಾರವಾಡ ರಸ್ತೆಗೆ 1868ರಲ್ಲಿ ಒಂದು ಸೇತುವೆ ಮುಗೀತು. ಕಲ್ಲು ಮತ್ತು ಇಟ್ಟಿಗೆಯದ್ದು. ತಲಾ 60 ಅಡಿ ಅಗಲದ 14 ಕಮಾನುಗಳು. ಸಿವಿಲ್ ಬ್ರಾಂಚಿನವರು ಸ್ವಲ್ಪ ಇಲ್ಲಿ ನೋಡಿ. ಆ ಕಮಾನುಗಳು ಅರ್ಧವೃತ್ತ ಅಲ್ಲ, ಎಲಿಪ್ಸ್. 60 ಅಡಿ ಅಗಲಕ್ಕೆ ಅರ್ಧವೃತ್ತ ಹಾಕಿದ್ರೆ ಕಮಾನು 30 ಅಡಿ ಎತ್ತರ ಏಳಬೇಕು. ರಸ್ತೆಯನ್ನೂ ಅಷ್ಟು ಮೇಲೆ ಹತ್ತಿಸಬೇಕು, ಎತ್ತಿನ ಗಾಡಿಗಳ ಗತಿ ಏನು? ಎಲಿಪ್ಸ್ ಹಾಕಿದ್ರೆ ಎತ್ತರ ಕಡಿಮೆ ಆಗುತ್ತೆ, ಆದ್ರೂ ಕಂಬದ ಹತ್ತಿರ ನೀರು ಹೋಗೋಕೆ ಜಾಗ ಉಳಿಯುತ್ತೆ. ಅದಕ್ಕೆ ಬೆಲೆ ಅಂದ್ರೆ ಕಮಾನು ಪಕ್ಕಕ್ಕೆ ಒದೆಯೋ ಬಲ ಜಾಸ್ತಿ ಆಗುತ್ತೆ, ದಡದ ಕಟ್ಟಡ ಗಟ್ಟಿ ಇರಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಮಳೆಗಾಲದಲ್ಲಿ ಹುಚ್ಚೆದ್ದು ಹರಿಯೋ ತುಂಗಭದ್ರೆಗೆ ಈ ಲೆಕ್ಕ ಮಾಡಿದ್ರು. ನಾನು ಮೆಕ್ಯಾನಿಕಲ್, ಆದ್ರೂ ಈ ಸೇತುವೆ ಬಗ್ಗೆ ಓದಿ ತಲೆಬಾಗಿದೆ.

1880ರ ದಶಕದ ಕೊನೆಗೆ ರೈಲೂ ಬಂತು. ಗಡಿ ಅಂದ್ರೆ ಬೇಲಿ ಅಲ್ಲ, ಜನ ಓಡಾಡ್ತಾನೇ ಇದ್ರು. ಹೆಣ್ಣು ಕೊಡೋದು ತರೋದು, ಎತ್ತು ಮಾರೋದು ಎಲ್ಲ ಇತ್ತು. ಹಾಗಾದ್ರೆ ಗಡಿ ಎಲ್ಲಿ ಗೊತ್ತಾಗ್ತಿತ್ತು?

ಕಚೇರಿಯಲ್ಲಿ. ನಮ್ಮ ಕಡೆ ತಾಲ್ಲೂಕಿನ ಸಾಹೇಬರು ಮಾಮಲೇದಾರ, ಆ ಕಡೆ ಅಮಲ್ದಾರ. ನಮ್ಮಲ್ಲಿ ಊರ ಲೆಕ್ಕ ಬರೆಯೋರು ಕುಲಕರ್ಣಿ, ಅವರಲ್ಲಿ ಶಾನುಭೋಗ. ನಮ್ಮಲ್ಲಿ ಗೌಡ, ಅವರಲ್ಲಿ ಪಟೇಲ. ಜಿಲ್ಲೆಗೆ ನಮ್ಮಲ್ಲಿ ಕಲೆಕ್ಟರ್, ಅವರಲ್ಲಿ ಡೆಪ್ಯುಟಿ ಕಮಿಷನರ್. ಏಕೀಕರಣ ಆದ್ಮೇಲೆ ಮೈಸೂರಿನ ಡಿಸಿಯೇ ಗೆದ್ದ, ಅದು ಬೇರೆ ಮಾತು. ಆದ್ರೆ ನಮ್ಮ ಅಜ್ಜ ಇವತ್ತಿಗೂ ಹೊಲದ ಪಹಣಿಗೆ 'ಉತಾರ' ಅಂತಾನೇ ಹೇಳೋದು. ಮರಾಠಿ ಕಾಗದಪತ್ರದಿಂದ ಬಂದ ಮಾತು ಅದು.

ಇನ್ನೊಂದು ಗುರುತು ನಮ್ಮ ಕ್ಲಾಸಿನ ಅಟೆಂಡೆನ್ಸ್ ಲಿಸ್ಟ್‌ನಲ್ಲೇ ಇದೆ. ಮಂಡ್ಯ, ತುಮಕೂರು ಕಡೆಯವರ ಹೆಸರಿಗೆ ಮುಂದೆ ಒಂದೋ ಎರಡೋ ಇನಿಷಿಯಲ್, ಆಮೇಲೆ ಹೆಸರು, ಮುಗೀತು. ನಮ್ಮ ಹಾವೇರಿ, ಬ್ಯಾಡಗಿ ಹುಡುಗರದ್ದು ಹೆಸರು, ಆಮೇಲೆ ಅಡ್ಡಹೆಸರು: ಅಂಗಡಿ, ಬಡಿಗೇರ, ಪಾಟೀಲ, ಹಿರೇಮಠ, ಮೆಣಸಿನಕಾಯಿ. ಫಾರ್ಮ್ ತುಂಬುವಾಗ ಸರ್‌ನೇಮ್ ಕಾಲಂ ನಮಗೆ ಸಮಸ್ಯೆನೇ ಅಲ್ಲ, ಅವರಿಗೆ ತಲೆನೋವು.

ಸ್ವಾತಂತ್ರ್ಯ ಹೋರಾಟವೂ ಎರಡು ದಡದಲ್ಲಿ ಎರಡು ಥರ. ನಮ್ಮ ಕಡೆ ಎದುರಾಳಿ ನೇರ ಬ್ರಿಟಿಷ್ ಸರ್ಕಾರ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಗಾಂಧೀಜಿ ಜೊತೆ ದಂಡಿ ಯಾತ್ರೆಯಲ್ಲಿ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ್ರು. ಹೊಳೆಯಾಚೆ ಮಹಾರಾಜರ ಆಡಳಿತ. 1947ರ ಆಗಸ್ಟ್ 15ಕ್ಕೆ ರಾಣೇಬೆನ್ನೂರಿಗೆ ಸ್ವಾತಂತ್ರ್ಯ ಬಂತು. ಹರಿಹರದವರಿಗೆ ಜನರ ಸರ್ಕಾರ ಬೇಕು ಅಂದ್ರೆ ಇನ್ನೂ ಹೋರಾಡಬೇಕಿತ್ತು. 'ಮೈಸೂರು ಚಲೋ' ಚಳವಳಿ ನಡೆದು ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದ್ಮೇಲೇ ಅಲ್ಲಿ ಅದು ಆಗಿದ್ದು. ಮಧ್ಯೆ ಒಂದು ಹೊಳೆ, ಎರಡು ತಿಂಗಳ ವ್ಯತ್ಯಾಸ.

ಕೊನೆಗೆ 1956ರ ನವೆಂಬರ್ 1. ಅದು ಸುಲಭವಾಗಿ ಆಗಲಿಲ್ಲ. ಒಂದಾಗಬೇಕು ಅನ್ನೋ ಕೂಗು ಜೋರಾಗಿ ಎದ್ದಿದ್ದು ನಮ್ಮ ಧಾರವಾಡದ ಕಡೆಯಿಂದ. ಮೈಸೂರಿನ ಕೆಲವು ನಾಯಕರಿಗೆ ಮನಸ್ಸಿರಲಿಲ್ಲ. ಚೆನ್ನಾಗಿ ನಡೀತಿರೋ ಸಂಸ್ಥಾನಕ್ಕೆ ಹಿಂದುಳಿದ ಜಿಲ್ಲೆಗಳನ್ನ ಯಾಕೆ ಕಟ್ಟಿಕೊಳ್ಳೋದು ಅನ್ನೋ ಲೆಕ್ಕ. ಇದನ್ನ ಓದಿದಾಗ ನನಗೆ ಸ್ವಲ್ಪ ಚುಚ್ಚಿತು, ಸುಳ್ಳು ಹೇಳಲ್ಲ. 'ಹಿಂದುಳಿದ ಜಿಲ್ಲೆ' ಅಂದ್ರೆ ನಮ್ಮ ಮನೆ ತಾನೇ.

ಗೆರೆ ಹೋಯ್ತು. ನಿಜವಾಗಿ ಹೋಯ್ತಾ? ಇಲ್ಲೇ ನನಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು. ರಾಣೇಬೆನ್ನೂರು ಡಿಪೋದ ಬಸ್ ಮೇಲೆ 'ವಾಯವ್ಯ ಕರ್ನಾಟಕ' ಅಂತ ಇರುತ್ತೆ, ಹರಿಹರದ ಬಸ್ ಕೆಎಸ್‌ಆರ್‌ಟಿಸಿ. ನಮ್ಮ ಕರೆಂಟ್ ಬಿಲ್ ಹೆಸ್ಕಾಂ, ಅವರದು ಬೆಸ್ಕಾಂ. ಹೈಕೋರ್ಟ್ ಕೇಸ್ ಇದ್ರೆ ನಾವು ಧಾರವಾಡ ಪೀಠಕ್ಕೆ, ಅವರು ಬೆಂಗಳೂರಿಗೆ. ನಾವು ಬೆಳಗಾವಿ ಕಂದಾಯ ವಿಭಾಗ, ಅವರು ಬೆಂಗಳೂರು ವಿಭಾಗ. 1997ರಲ್ಲಿ ಹಾವೇರಿಯೂ ದಾವಣಗೆರೆಯೂ ಹೊಸ ಜಿಲ್ಲೆ ಆದಾಗಲೂ ಹೊಳೆಯೇ ಗಡಿ. ಬಸ್ಸು, ಕರೆಂಟು, ಕೋರ್ಟು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಕ್ಕೆ ಭಾಗ ಆದವು. ಆದ್ರೂ ಇಲ್ಲಿ ಎಲ್ಲವೂ ಬಂದು ನಿಂತಿದ್ದು ಅದೇ ಹಳೇ ಗೆರೆ ಮೇಲೆ. 2021ರಲ್ಲಿ 'ಮುಂಬೈ ಕರ್ನಾಟಕ' ಅನ್ನೋ ಹೆಸರು ತೆಗೆದು 'ಕಿತ್ತೂರು ಕರ್ನಾಟಕ' ಅಂತ ಮಾಡಿದ್ರು. ಹೆಸರು ಬದಲಾಯ್ತು, ಗೆರೆ ಹಾಗೇ ಇದೆ.

ಹಾಸ್ಟೆಲ್‌ನಲ್ಲಿ ನನ್ನ ಪಾಡು ಇದರದ್ದೇ ಫಲ. ತುಮಕೂರಿನ ರೂಮ್‌ಮೇಟ್ ನನ್ನ ಮಾತು ಕೇಳಿ "ನೀವು ಉತ್ತರ ಕರ್ನಾಟಕದವ್ರು ಬಿಡಪ್ಪ" ಅಂತಾನೆ. ವಿಜಯಪುರದ ಗೆಳೆಯ ನಗ್ತಾನೆ: "ನಿಮ್ದೆಲ್ಲಿ ಉತ್ತರ ಕರ್ನಾಟಕಲೇ, ಹೊಳಿ ದಾಟಿದ್ರ ದಾವಣಗೆರಿ ಬಂತು." ಇಬ್ಬರೂ ಸೇರಿಸಿಕೊಳ್ಳಲ್ಲ. ಮಾತಿನ ವಿಷಯಕ್ಕೆ ಬಂದ್ರೆ, ಭಾಷೆ ಹೊಳೆ ಹತ್ತಿರ ಬಂದು ಗಕ್ಕನೆ ಬದಲಾಗಲ್ಲ. ಧಾರವಾಡದಿಂದ ದಾವಣಗೆರೆ ತನಕ ಸ್ವಲ್ಪ ಸ್ವಲ್ಪವೇ ಬಣ್ಣ ಬದಲಾಯಿಸ್ತಾ ಹೋಗುತ್ತೆ. ಹರಿಹರದ ಅಂಗಡಿಯವರೂ "ಬರ್ರೀ" ಅಂತಾರೆ.

ಗೆರೆಯನ್ನ ಲೆಕ್ಕಕ್ಕೇ ಇಡದವರೂ ಇದ್ರು. ಮೊದಲನೆಯವನು ಮೈಲಾರಲಿಂಗ. ನಮ್ಮ ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗುಡಿ, ದಸರಾ ಹೊತ್ತಲ್ಲಿ ಗೊರವಪ್ಪ ಬಿಲ್ಲು ಹತ್ತಿ ಕಾರಣಿಕ ನುಡೀತಾನೆ. ಅದೇ ದೇವರ ಇನ್ನೊಂದು ದೊಡ್ಡ ಜಾತ್ರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಅದು ಮದ್ರಾಸ್ ಸರ್ಕಾರದ ಜಾಗ ಆಗಿತ್ತು. ದೇವರಗುಡ್ಡ ಮುಂಬೈಯಲ್ಲಿ, ಮೈಲಾರ ಮದ್ರಾಸಿನಲ್ಲಿ. ಕಂಬಳಿ ಹೊದ್ದ ಗೊರವರು ಎರಡೂ ಕಡೆ ಹೋಗ್ತಿದ್ರು. ಎರಡನೆಯದು ಮೆಣಸಿನಕಾಯಿ. ಬ್ಯಾಡಗಿ ಮಾರ್ಕೆಟ್‌ಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬರುತ್ತೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಖಾರ ಕಮ್ಮಿ, ಬಣ್ಣ ಜಾಸ್ತಿ.

ಫ್ಯಾಕ್ಟರಿಗಳ ಕಥೆ ಮಾತ್ರ ವಿಚಿತ್ರ. ನಮ್ಮ ವರ್ಕ್‌ಶಾಪ್‌ನಲ್ಲಿ ಮೂಲೆಯ ಹಳೇ ಲೇತ್ ಮೇಲೆ 'ಮೈಸೂರು ಕಿರ್ಲೋಸ್ಕರ್, ಹರಿಹರ' ಅಂತ ಪ್ಲೇಟ್ ಇದೆ. ಕಿರ್ಲೋಸ್ಕರ್ ಕುಟುಂಬ ಬೆಳಗಾವಿ ಕಡೆಯ ಗುರ್ಲಹೊಸೂರಿನದ್ದು, ಅಂದ್ರೆ ಬಾಂಬೆ ಕಡೆಯವರು. ಅವರು 1941ರಲ್ಲಿ ಮೈಸೂರು ಸಂಸ್ಥಾನದೊಳಗೆ, ಆದ್ರೆ ಅದರ ಕಟ್ಟಕಡೆಯ ಊರಿನಲ್ಲಿ, ಲೇತ್ ಮಾಡೋ ಕಾರ್ಖಾನೆ ಶುರು ಮಾಡಿದ್ರು. ಅದಕ್ಕೇ ಹೆಸರಲ್ಲಿ 'ಮೈಸೂರು'. ದೇಶದ ಎಷ್ಟೋ ಕಾಲೇಜುಗಳಲ್ಲಿ ಹುಡುಗರು ಟರ್ನಿಂಗ್ ಕಲಿತದ್ದು ಈ ಲೇತ್‌ಗಳಲ್ಲೇ. ಈ ಶತಮಾನದ ಶುರುವಿನಲ್ಲಿ ಕಾರ್ಖಾನೆ ಮುಚ್ಚಿಹೋಯ್ತು.

ಇನ್ನೊಂದು ಹರಿಹರ ಪಾಲಿಫೈಬರ್ಸ್. ಹೆಸರು ಹರಿಹರ, ಇರೋದು ಮಾತ್ರ ಈ ದಡದ ಕುಮಾರಪಟ್ಟಣದಲ್ಲಿ, ನಮ್ಮ ತಾಲ್ಲೂಕಿನಲ್ಲಿ. 1970ರ ದಶಕದಲ್ಲಿ ಶುರುವಾಯ್ತು. ಮರದಿಂದ ಪಲ್ಪ್, ಆ ಪಲ್ಪ್‌ನಿಂದ ಬಟ್ಟೆಯ ನಾರು. ನಮ್ಮೂರಿನ ಸಾವಿರಾರು ಮನೆಗೆ ಅನ್ನ ಕೊಟ್ಟಿದೆ. 1980ರ ದಶಕದಲ್ಲಿ ಹೊಳೆಯ ನೀರಿನ ವಿಷಯಕ್ಕೆ, ಮತ್ತೆ ನೀಲಗಿರಿ ಬೆಳೆಯೋಕೆ ಹಳ್ಳಿಗಳ ಗೋಮಾಳ ಕೊಟ್ಟ ವಿಷಯಕ್ಕೆ ದೊಡ್ಡ ಹೋರಾಟವೂ ನಡೆದಿದೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ಮುಂದಾಳು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದ್ರು: ನೀಲಗಿರಿ ಸಸಿ ಕಿತ್ತು, ಜನಕ್ಕೆ ಬೇಕಾದ ಗಿಡ ಹಚ್ಚೋದು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟ್ ತನಕ ಹೋದ ಅರ್ಜಿದಾರರಲ್ಲಿ ಒಬ್ಬರು. 1991ರಲ್ಲಿ ಆ ನೀಲಗಿರಿ ಕಂಪನಿ, ಕರ್ನಾಟಕ ಪಲ್ಪ್‌ವುಡ್, ಮುಚ್ಚಬೇಕಾಯ್ತು. ನಮ್ಮ ಎನ್ವಿರಾನ್ಮೆಂಟಲ್ ಸ್ಟಡೀಸ್ ಪುಸ್ತಕದಲ್ಲಿ ಚಿಪ್ಕೋ ಇದೆ, ಇದೇ ಜಿಲ್ಲೆಯ ಇದು ಇಲ್ಲ. ಪ್ಲೇಸ್‌ಮೆಂಟ್‌ಗೆ ಇಂಥ ಫ್ಯಾಕ್ಟರಿ ಕೇಳ್ಕೊಂಡು ಹೋಗೋರು ನಾವೇ, ಹೊಳೆ ನೀರು ಕುಡಿಯೋರೂ ನಾವೇ. ಎರಡನ್ನೂ ಗೊತ್ತು ಮಾಡ್ಕೊಂಡು ಹೋಗಬೇಕಲ್ವಾ?

1956ರ ಆ ದಿನ ಏನಾಯ್ತು ಅಂತ ಅಜ್ಜನ್ನ ಕೇಳಿದೆ. ನನಗೆ ಏನೋ ದೊಡ್ಡ ಮೆರವಣಿಗೆ, ಭಾಷಣ ಸಿಗುತ್ತೆ ಅಂತ ಆಸೆ. "ಸಾಲಿ ಸೂಟಿ ಇತ್ತು" ಅಂದ್ರು, ಅಷ್ಟೇ.

ಮರುವಾರ ಅವರ ಕಣ್ಣು ತೋರಿಸೋಕೆ ದಾವಣಗೆರೆಗೆ ಕರ್ಕೊಂಡು ಹೋಗಿದ್ದೆ. ವಾಯವ್ಯ ಬಸ್, ಕಿಟಕಿ ಸೀಟು ಅವರದ್ದು. ದಾರಿಯುದ್ದಕ್ಕೂ ನಿದ್ದೆ ಮಾಡ್ತಿದ್ರು. ಬಸ್ ಸೇತುವೆ ಹತ್ತಿ ಗಾಳಿ ತಣ್ಣಗಾದಾಗ ಕಣ್ಣು ಬಿಟ್ಟು, ಕೆಳಗೆ ನೀರು ನೋಡಿ, ನನ್ನ ತೊಡೆ ತಟ್ಟಿದ್ರು.

"ಬಂತು ನೋಡಪಾ ಮೈಸೂರು ಸೀಮಿ."