ಎಣ್ಣೆ ಇದ್ದೂ ಒಣಗುವ ಎಂಜಿನ್: ಡ್ರ್ಯಾಗ್ ರೇಸ್ ಕಲಿಸುವ ಜಡತ್ವದ ಪಾಠ

ಬಸ್ಸು ಥಟ್ಟನೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರೆ. ಬ್ರೇಕು ಬಿದ್ದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಜಡತ್ವದ ಪಾಠಕ್ಕೆ ನಾವು ಶಿಕ್ಷಕರು ಕೊಡುವ ಹಳೆಯ ಉದಾಹರಣೆಯಿದು. ಅಮೆರಿಕದಲ್ಲಿ ಬೆಳೆದ ಡ್ರ್ಯಾಗ್ ರೇಸ್‌ನಲ್ಲಿ ಇದೇ ನಿಯಮವು ದುಬಾರಿ ಎಂಜಿನ್ನೊಂದನ್ನು ಕೆಲವೇ ಕ್ಷಣಗಳಲ್ಲಿ ಹಾಳುಮಾಡಬಲ್ಲದು. ಪ್ರೌಢಶಾಲೆ ಮುಗಿಸಿ ಐಟಿಐ, ಡಿಪ್ಲೊಮಾಗಳತ್ತ ಹೊರಡುವ ನಮ್ಮ ಮಕ್ಕಳು ಇದರ ಕಾರಣವನ್ನು ತಾಯ್ನುಡಿಯಲ್ಲೇ ಅರಿಯಲೆಂಬುದು ನಮ್ಮ ಆಶಯ.

ಈ ಸ್ಪರ್ಧೆಯಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಓಡುತ್ತವೆ. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಇದರ ಸಾಂಪ್ರದಾಯಿಕ ದೂರ. ಅದನ್ನು 9 ಸೆಕೆಂಡಿನಲ್ಲಿ ಕ್ರಮಿಸುವ ಕಾರಿನ ಲೆಕ್ಕವನ್ನು ಮಕ್ಕಳೇ ಮಾಡಬಹುದು. ವೇಗೋತ್ಕರ್ಷ ಏಕರೂಪವೆಂದು ಭಾವಿಸಿ, ದೂರವನ್ನು ಇಮ್ಮಡಿಸಿ ಕಾಲದ ವರ್ಗದಿಂದ ಭಾಗಿಸಿದರೆ ಸೆಕೆಂಡಿನ ವರ್ಗಕ್ಕೆ ಸುಮಾರು 9.9 ಮೀಟರ್ ಬರುತ್ತದೆ. ಇದು ಹೆಚ್ಚುಕಡಿಮೆ ಗುರುತ್ವದಷ್ಟೇ. ಆಗ ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಲ್ಲಿ ಎಣ್ಣೆಯ ಮೇಲ್ಮೈ ಸಮತಲವಾಗಿ ಉಳಿಯದೆ 45 ಡಿಗ್ರಿಯಷ್ಟು ಓರೆಯಾಗಿ ಹಿಂಬದಿಗೆ ಏರುತ್ತದೆ.

ತೊಟ್ಟಿಯ ಎಣ್ಣೆಯನ್ನು ಪಂಪು ಒಂದು ಕೊಳವೆಯ ಮೂಲಕ ಹೀರಿ ಬೇರಿಂಗುಗಳಿಗೆ ಕಳುಹಿಸುತ್ತದೆ. ತಿರುಗುವ ಕ್ರ್ಯಾಂಕ್‌ಶಾಫ್ಟು ಬೇರಿಂಗಿಗೆ ತಾಗದಂತೆ ಕಾಯುವುದು ಎಣ್ಣೆಯ ತೆಳುಪದರ. ಕೊಳವೆಯ ಬಾಯಿ ಎಣ್ಣೆಯಿಂದ ಹೊರಬಂದರೆ ಪಂಪು ಗಾಳಿಯನ್ನು ಹೀರುತ್ತದೆ, ಪದರ ಹರಿಯುತ್ತದೆ, ಲೋಹ ಲೋಹವನ್ನು ಉಜ್ಜುತ್ತದೆ. ತೊಟ್ಟಿಯಲ್ಲಿ ಎಣ್ಣೆಯಿದ್ದರೂ ಬೇರಿಂಗು ಒಣಗುತ್ತದೆ.

ಪ್ರತಿ 1000 ಸುತ್ತಿಗೆ 10 ಪಿಎಸ್‌ಐ ಒತ್ತಡವಿರಬೇಕೆಂಬುದು ಎಂಜಿನ್ ಕಟ್ಟುವವರ ಹಳೆಯ ಲೆಕ್ಕ. ಒತ್ತಡ ಕುಸಿದೊಡನೆ ದೊಡ್ಡ ಪಂಪು ಹಾಕುವುದು ಸಾಮಾನ್ಯ ತಪ್ಪು. ಅದು ಎಣ್ಣೆಯನ್ನು ವಾಲ್ವ್‌ಗಳಿರುವ ಮೇಲ್ಭಾಗಕ್ಕೆ ಇನ್ನೂ ಬೇಗ ತಳ್ಳಿ, ತೊಟ್ಟಿಯನ್ನು ಬರಿದುಮಾಡಬಹುದು. ಆದುದರಿಂದ ಒತ್ತಡ ಎಷ್ಟು ಕುಸಿಯಿತು ಎನ್ನುವುದಕ್ಕಿಂತ ಯಾವಾಗ ಕುಸಿಯಿತು ಎಂಬುದನ್ನು ಮೊದಲು ನೋಡಬೇಕು.

ಹೊರಡುವಾಗಲೇ ಕುಸಿದರೆ ಹೀರುವ ಬಾಯಿ ಮುಂಬದಿಯಲ್ಲಿದ್ದು ಎಣ್ಣೆ ಹಿಂದಕ್ಕೆ ಸರಿದಿರಬಹುದು. ಓಟದ ಕೊನೆಗೆ ಕುಸಿದರೆ ಮೇಲೇರಿದ ಎಣ್ಣೆ ಮರಳಿ ಇಳಿದಿಲ್ಲವೆಂದೋ ಕ್ರ್ಯಾಂಕು ಅದನ್ನು ಕಡೆದು ನೊರೆಯಾಗಿಸಿದೆಯೆಂದೋ ಶಂಕಿಸಬೇಕು. ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸುವಾಗ ಕುಸಿದರೆ ಹಿಂಬದಿಯ ಎಣ್ಣೆ ಮುಂದಕ್ಕೆ ನುಗ್ಗಿರುತ್ತದೆ. ಬಿಸಿ ಎಂಜಿನ್ ಸುಮ್ಮನೆ ನಿಂತು ತಿರುಗುವಾಗಲೂ ಒತ್ತಡ ತೀರ ಕಡಿಮೆಯಿದ್ದರೆ ಬೇರಿಂಗಿನ ಸಂದು ಹಿಗ್ಗಿದೆಯೇ, ಇಂಧನ ಬೆರೆತು ಎಣ್ಣೆ ತೆಳುವಾಗಿದೆಯೇ ಎಂದು ಪರಿಶೀಲಿಸಬೇಕು.

ಪರಿಹಾರಗಳೂ ಇದಕ್ಕೆ ತಕ್ಕಂತೆಯೇ. ಎಣ್ಣೆಯನ್ನು ಹೀರುಬಾಯಿಯ ಸುತ್ತ ತಡೆದಿಡಲು ತೊಟ್ಟಿಯೊಳಗೆ ಅಡ್ಡತಗಡುಗಳನ್ನೂ ಒಂದೇ ದಿಕ್ಕಿಗೆ ತೆರೆಯುವ ಪುಟ್ಟ ಬಾಗಿಲುಗಳನ್ನೂ ಅಳವಡಿಸುತ್ತಾರೆ. ಕ್ರ್ಯಾಂಕಿನ ಕೆಳಗೆ ತಟ್ಟೆಯೊಂದನ್ನಿಟ್ಟು ನೊರೆ ತಡೆಯುತ್ತಾರೆ. ತೊಟ್ಟಿಯನ್ನು ಆಳವಾಗಿಸುತ್ತಾರೆ. ಒತ್ತಡ ತಗ್ಗಿದ ಕ್ಷಣದಲ್ಲಿ ಎಣ್ಣೆ ತುಂಬಿಕೊಡುವ ಸಂಗ್ರಾಹಕವನ್ನು ಕೆಲವರು ಜೋಡಿಸುತ್ತಾರೆ. ದುಬಾರಿಯಾದರೂ ಹೆಚ್ಚು ಭರವಸೆಯದು ಡ್ರೈ ಸಂಪ್ ವ್ಯವಸ್ಥೆ. ಇದರಲ್ಲಿ ಎಂಜಿನ್ನಿನ ಅಡಿಗೆ ಬಿದ್ದ ಎಣ್ಣೆಯನ್ನು ಪಂಪುಗಳು ಒಡನೆಯೇ ಎಳೆದು ಹೊರಗಿನ ಎತ್ತರದ ಟ್ಯಾಂಕಿಗೆ ಸೇರಿಸುತ್ತವೆ. ಮುಖ್ಯ ಪಂಪಿಗೆ ಎಣ್ಣೆ ದೊರೆಯುವುದು ಆ ಟ್ಯಾಂಕಿನ ತಳದಿಂದ.

ಇದು ಎಂಜಿನ್ ಉಳಿಸುವ ಮಾತಷ್ಟೇ ಅಲ್ಲ. ಸಿಡಿದ ಎಂಜಿನ್ನಿನ ಎಣ್ಣೆ ಹಾದಿಗೆ ಚೆಲ್ಲಿದರೆ ಸ್ವಂತ ಚಕ್ರವೇ ಅದರ ಮೇಲೆ ಜಾರಿ ಚಾಲಕನ ಪ್ರಾಣಕ್ಕೆ ಕುತ್ತು ಬರಬಹುದು. ಆದ್ದರಿಂದಲೇ ವೇಗದ ವರ್ಗಗಳ ಕಾರುಗಳು ಎಂಜಿನ್ನಿನ ಕೆಳಗೆ ಎಣ್ಣೆ ಹಿಡಿದಿಡುವ ಹೊದಿಕೆ ಕಟ್ಟಿಕೊಂಡೇ ಓಡಬೇಕು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಪಾರದರ್ಶಕ ಡಬ್ಬಿಯಲ್ಲಿ ಅರ್ಧ ನೀರು ತುಂಬಿ, ಮುಚ್ಚಿ, ಮೇಜಿನ ಮೇಲೆ ಥಟ್ಟನೆ ಮುಂದಕ್ಕೆ ತಳ್ಳಲು ಮಗುವಿಗೆ ಹೇಳಿ. ನೀರು ಹಿಂದಕ್ಕೇರಿದಾಗ, ಹೀರುವ ಕೊಳವೆಯನ್ನು ಎಲ್ಲಿಡುವೆ ಎಂದು ಕೇಳಿ. ಡಬ್ಬಿ ನಿಲ್ಲುವಾಗ ಮತ್ತೊಮ್ಮೆ ಅದನ್ನೇ ಕೇಳಿ. ಎರಡು ಉತ್ತರಗಳು ಬೇರೆಬೇರೆಯಾದರೆ, ಮಗುವಿಗೆ ಪಾಠ ಅರ್ಥವಾಗಿದೆ.