ಮೀನಿಗಾಗಿ ನೊಣ ಸಾಕಿದ ಕಥೆ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು ನಾನು. ಈಗ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನೊಣಗಳ ಲೆಕ್ಕ ಬರೆಯುತ್ತಿದ್ದೇನೆ ಎಂದರೆ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಆದರೆ ಈ ಲೆಕ್ಕ ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

2024ರ ಬೇಸಿಗೆ ರಜೆಯಲ್ಲಿ ನಮ್ಮ ಪುಟ್ಟೇನಹಳ್ಳಿಯ ಮನೆಗೆ ಒಂದು ಫೈಟರ್ ಮೀನು ಬಂತು. ನಾಲ್ಕನೇ ತರಗತಿಯ ಮೊಮ್ಮಗಳು ಪುಟ್ಟಿ ಹಟ ಮಾಡಿ ತರಿಸಿದ್ದು. ನೀಲಿ ಮೈ, ಕೆಂಪು ಬಾಲ, ರಾಜ ಎಂದು ಹೆಸರು. ಆದರೆ ರಾಜ ಅಂಗಡಿಯ ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದ. ಥಾಯ್ಲೆಂಡ್ ಕಡೆಯ ಗದ್ದೆ, ಜೌಗಿನ ನೀರಿನಲ್ಲಿ ಹುಳುಹುಪ್ಪಟೆ ತಿಂದು ಬದುಕುವ ಜಾತಿ ಅದು.

"ತಾತಾ, ಇದು ಉಪವಾಸ ಸತ್ತುಹೋಗುತ್ತೆ" ಎಂದು ಪುಟ್ಟಿ ಅಳತೊಡಗಿದಳು.

ನನಗೆ ಊರಿನ ಬಾವಿಯ ನೆನಪಾಯಿತು. ಅಲ್ಲಿನ ಮೀನುಗಳು ಸೊಳ್ಳೆಮರಿಗಳನ್ನು ಗಬಗಬನೆ ನುಂಗುತ್ತಿದ್ದವು. ಟೆರೇಸಿನ ಮೂಲೆಯಲ್ಲಿ ನೀಲಿ ಟಬ್ಬೊಂದಕ್ಕೆ ನೀರು ತುಂಬಿಟ್ಟೆ. ವಾರದೊಳಗೆ ಸಣ್ಣ ಹುಳುಗಳು ಕುಣಿಯತೊಡಗಿದವು. ಟೀ ಸೋಸುವ ಜಾಲರಿಯಲ್ಲಿ ಹಿಡಿದು ಹಾಕಿದರೆ ರಾಜ ಚಂಗನೆ ಹಾರಿ ತಿಂದ. ಸೊಳ್ಳೆಯಾಗುವ ಮೊದಲೇ ಮೀನಿನ ಹೊಟ್ಟೆ ಸೇರುತ್ತವಲ್ಲ, ಒಂದೇ ಕಲ್ಲಿಗೆ ಎರಡು ಹಣ್ಣು ಎಂದು ಬೀಗಿದೆ.

ಜುಲೈನಲ್ಲಿ ಹಾಸನದ ಮದುವೆಗೆಂದು ಎಂಟು ದಿನ ಹೋಗಿದ್ದೆವು. ಬಂದು ನೋಡಿದರೆ ಟಬ್ಬಿನಲ್ಲಿ ಹುಳುಗಳಿಲ್ಲ, ಬರೀ ತೆಳು ಸಿಪ್ಪೆಗಳು ತೇಲುತ್ತಿದ್ದವು. ಎಲ್ಲ ಸೊಳ್ಳೆಗಳಾಗಿ ಹಾರಿಹೋಗಿದ್ದವು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಮತ್ತೆ ನೀರು ತುಂಬಿದೆ.

ಮೂರು ವಾರ ಕಳೆದಿರಬೇಕು. ಎದುರು ಮನೆಯ ಏಳು ವರ್ಷದ ಹುಡುಗನಿಗೆ ಡೆಂಗಿ ಎಂದು ಆಸ್ಪತ್ರೆಗೆ ಸೇರಿಸಿದರು. ಮರುದಿನ ಆಶಾ ಕಾರ್ಯಕರ್ತೆಯೊಬ್ಬರು ಟಾರ್ಚ್ ಹಿಡಿದು ನಮ್ಮ ಟೆರೇಸಿಗೂ ಬಂದರು. ಟಬ್ಬಿನೊಳಗೆ ಬೆಳಕು ಬಿಟ್ಟು, "ಸಾರ್, ನೀವೇ ಸಾಕ್ತಿದ್ದೀರಲ್ಲ!" ಎಂದರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯಲ್ಲಿ ಶೇಖರಿಸಿಟ್ಟ ಇಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಹಗಲಲ್ಲೇ ಕಚ್ಚುತ್ತದೆ ಎಂದು ತಿಳಿಸಿ ನೀರು ಚೆಲ್ಲಿಸಿದರು. ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಮತ್ತೆ ನೀರು ಬಿದ್ದೊಡನೆ ಒಡೆಯುತ್ತವೆ. ಅಂದು ಟಬ್ಬನ್ನು ನಾನೇ ಕುಳಿತು ಬ್ರಷ್ಷಿನಿಂದ ಉಜ್ಜಿದೆ.

ಸೊಳ್ಳೆ ಸಾಮಾನ್ಯವಾಗಿ ರೋಗಿಯನ್ನು ಕಚ್ಚಿದ ಮೇಲಷ್ಟೇ ರೋಗ ಹರಡುತ್ತದೆ. ಹುಡುಗನನ್ನು ಕಚ್ಚಿದ್ದು ನನ್ನ ಟಬ್ಬಿನ ಸೊಳ್ಳೆಯೇ ಎಂದು ಹೇಳಲಾಗದು. ಅಲ್ಲ ಎಂದೂ ಹೇಳಲಾಗದು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಗುಣವಾಗಿ ಮನೆಗೆ ಬಂದ ಮೇಲೆ ಅವನ ತಾಯಿಗೆ ಎಲ್ಲ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹೇಳಿದ್ದು ಒಳ್ಳೇದಾಯ್ತು ಅಂಕಲ್. ಇನ್ನು ಮಾಡಬೇಡಿ" ಎಂದರು. ಅದೇ ವರ್ಷ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ನನಗೆ ದಂಡ ಬೀಳಲಿಲ್ಲ. ಆ ತಾಯಿಯ ಮೌನಕ್ಕಿಂತ ದಂಡವೇ ಹಗುರವಾಗಿತ್ತೇನೋ.

ಆದರೆ ರಾಜನ ಹೊಟ್ಟೆಗೆ? ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಗ್ಗೆ ನಡೆಯುವಾಗ ಜೊತೆಯಾಗುವ ಗೆಳೆಯರೊಬ್ಬರಿದ್ದಾರೆ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. "ಮೀನನ್ನು ಕೆರೆಗೆ ಬಿಟ್ಟುಬಿಡಲೇ?" ಎಂದೆ. "ಬೇಡಿ, ಹೊರಗಿನ ಮೀನನ್ನು ಕೆರೆಗೆ ಬಿಡಬಾರದು. ಹಣ್ಣಿನ ನೊಣ ಸಾಕಿ. ನಾವು ಓದುವಾಗ ಅದಕ್ಕೆ ರವೆ ಬೆಲ್ಲದ ಅಡುಗೆ ಮಾಡುತ್ತಿದ್ದೆವು" ಎಂದರು.

ಕಳಿತ ಬಾಳೆಹಣ್ಣಿನ ಮೇಲೆ ಗುಂಯ್ಗುಡುವ, ಎಳ್ಳಿನ ಗಾತ್ರದ ಕೆಂಪು ಕಣ್ಣಿನ ನೊಣವಿದೆಯಲ್ಲ, ಅದೇ ಡ್ರೊಸೊಫಿಲ. ವಿಜ್ಞಾನಿಗಳಿಗೆ ಬಹಳ ಬೇಕಾದ ಪ್ರಾಣಿ. ವಂಶವಾಹಿಗಳು ವರ್ಣತಂತುಗಳಲ್ಲಿವೆ ಎಂದು ಇದರ ಮೂಲಕ ತೋರಿಸಿದ ಮಾರ್ಗನ್ ಅವರಿಗೆ 1933ರಲ್ಲಿ ನೊಬೆಲ್ ಬಂತು. ನಮ್ಮ ದೇಹದ ಗಡಿಯಾರದ ಗುಟ್ಟನ್ನು ಇದರಲ್ಲೇ ಹುಡುಕಿದ ಮೂವರಿಗೆ 2017ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಈ ನೊಣದ ರಾಷ್ಟ್ರೀಯ ಸಂಗ್ರಹ ಕೇಂದ್ರವೇ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿ ಅವರು ಇದರ ವಾಸನೆ ಮತ್ತು ರುಚಿಯ ಅರಿವನ್ನು ವರ್ಷಗಟ್ಟಲೆ ಅಭ್ಯಸಿಸಿದರು.

ಪ್ರಯೋಗಾಲಯದ ಲೆಕ್ಕ ಹೀಗೆ: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ನಾನು ಅದರ ಕಾಲು ಭಾಗ ಮಾಡುತ್ತೇನೆ. ಅಗರ್ ಎಂದರೆ ಅಂಗಡಿಯಲ್ಲಿ ಸಿಗುವ ಚೀನಾ ಗ್ರಾಸ್. ಬೂಷ್ಟು ಹಿಡಿಯದಂತೆ ಅವರು ಒಂದು ಆಮ್ಲ ಹಾಕುತ್ತಾರೆ. ನಾನು ಒಂದು ಚಮಚ ವಿನೆಗರ್ ಹಾಕುತ್ತೇನೆ. ಕುದಿಸುವ ಕೆಲಸ ದೊಡ್ಡವರದು. "ನನಗೆ ಒಂದು ದಿನ ಕೇಸರಿಬಾತ್ ಮಾಡಿಕೊಟ್ಟವರಲ್ಲ, ನೊಣಕ್ಕೆ ಮಾಡ್ತೀರಿ ನೋಡಿ" ಎಂದು ನಮ್ಮ ಮನೆಯಾಕೆ ಇಂದಿಗೂ ಆಡಿಕೊಳ್ಳುತ್ತಾಳೆ.

ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಇದನ್ನು ಎರಡು ಬೆರಳು ಎತ್ತರ ಸುರಿದು, ಪೂರ್ತಿ ಆರಿದ ಮೇಲೆ ನಾಲ್ಕು ಕಾಳು ಒಣ ಯೀಸ್ಟ್ ಉದುರಿಸಬೇಕು. ಮುದುಡಿದ ಕಾಗದದ ತುಂಡೊಂದನ್ನು ಇಡಬೇಕು, ಹುಳುಗಳು ಅದನ್ನು ಹತ್ತಿ ಕೋಶ ಕಟ್ಟುತ್ತವೆ. ಇನ್ನೊಂದು ಬಾಟಲಿಯಲ್ಲಿ ಬಾಳೆಹಣ್ಣಿಟ್ಟು ಹಿಡಿದ ಹತ್ತಿಪ್ಪತ್ತು ನೊಣಗಳನ್ನು ಇದಕ್ಕೆ ಬಿಟ್ಟು, ಬಾಯಿಗೆ ದಟ್ಟ ಬಟ್ಟೆ ಕಟ್ಟಿದರೆ ಮುಗಿಯಿತು. 25 ಡಿಗ್ರಿ ಶಾಖದಲ್ಲಿ ಮೊಟ್ಟೆ ಒಂದು ದಿನಕ್ಕೆ ಒಡೆಯುತ್ತದೆ, ಸುಮಾರು ಹತ್ತು ದಿನಕ್ಕೆ ಹೊಸ ನೊಣ ಸಿದ್ಧ. ಮೊಟ್ಟೆ, ಹುಳು, ಕೋಶ, ನೊಣ ಎಂದು ಪುಸ್ತಕದಲ್ಲಿ ಓದಿದ್ದನ್ನು ಪುಟ್ಟಿ ಭೂತಗನ್ನಡಿ ಹಿಡಿದು ನೋಡಿದಳು.

ಮೀನಿಗೆ ಕೊಡುವ ಮುನ್ನ ಬಾಟಲಿಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಮಂಪರಾಗುತ್ತವೆ. ನಾಲ್ಕೈದನ್ನು ನೀರಿನ ಮೇಲೆ ಉದುರಿಸಿದರೆ ಸಾಕು. ಫೈಟರಿನ ಹೊಟ್ಟೆ ಬಹಳ ಸಣ್ಣದು, ಹೆಚ್ಚಾದರೆ ಉಬ್ಬರಿಸುತ್ತದೆ. ನೊಣದ ಜೊತೆ ಕಾಳನ್ನೂ ಕೊಟ್ಟು ರಾಜನಿಗೆ ಅಭ್ಯಾಸ ಮಾಡಿಸಿದೆವು.

ಬ್ಯಾಂಕಿನ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ಯಾವಾಗಲೂ ಎರಡು ಬಾಟಲಿ. ಒಂದು ಅಸಲು, ಮುಟ್ಟುವಂತಿಲ್ಲ. ಇನ್ನೊಂದು ಬಡ್ಡಿ, ಅದರಿಂದಷ್ಟೇ ಖರ್ಚು. ಪ್ರತಿ ಬಾಟಲಿಗೂ ತಾರೀಖಿನ ಚೀಟಿ. ಮೂರು ವಾರಕ್ಕೊಮ್ಮೆ ಅಸಲಿನಿಂದ ಹೊಸ ಬಾಟಲಿ ತೆರೆದು, ಹಳೆಯದನ್ನು ಒಂದು ದಿನ ಫ್ರೀಜರಿನಲ್ಲಿಟ್ಟು ತೊಳೆಯುತ್ತೇವೆ. ಊರಿಗೆ ಹೊರಟರೆ ಮೊದಲು ಪುಸ್ತಕ ನೋಡಿ ಬಡ್ಡಿಯ ಖಾತೆ ಮುಚ್ಚುತ್ತೇವೆ. ಮನೆಯಲ್ಲಿ ಹುಳ ಸಾಕುವವರು ಮರೆಯಬಾರದ್ದು ಇದೇ: ಬೆಳೆಸಿದ್ದಕ್ಕೆಲ್ಲ ಲೆಕ್ಕ ಇರಬೇಕು, ಒಂದೂ ನಮ್ಮ ಕಣ್ಣು ತಪ್ಪಿಸಿ ಹೊರಗೆ ಹೋಗಬಾರದು.

ಒಂದು ದಿನ ಪುಟ್ಟಿ ಕೇಳಿದಳು: "ತಾತಾ, ನೊಣಕ್ಕೂ ಜೀವ ಇದೆಯಲ್ಲ?" ಇದೆ ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಅಂದಿನಿಂದ ಅವಳು ನಾಲ್ಕೇ ಎಣಿಸಿ ಹಾಕುತ್ತಾಳೆ, ಐದನೆಯದು ಬೇಡ ಎನ್ನುತ್ತಾಳೆ.

ಎದುರು ಮನೆಯ ಹುಡುಗ ಭಾನುವಾರ ನೊಣ ನೋಡಲು ಬರುತ್ತಾನೆ. ಬಂದವನು ಮೊದಲು ಟೆರೇಸಿಗೆ ಓಡಿ ಒಂದು ಸುತ್ತು ಹಾಕಿ, "ತಾತಾ, ಎಲ್ಲೂ ನೀರು ನಿಂತಿಲ್ಲ" ಎಂದು ವರದಿ ಒಪ್ಪಿಸುತ್ತಾನೆ. ನಾನು ತಾರೀಖು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.